ಪಾಚಿ ಎಣ್ಣೆ ಮಾತ್ರೆ ತಗೊಂಡರೆ ಶುಗರ್ ಮಾತ್ರೆ ಬಿಡಬಹುದೇ?

ಕಳೆದ ತಿಂಗಳು ಸೊರಬ ತಾಲ್ಲೂಕಿನ ಒಂದು ಮಹಿಳಾ ಸಂಘದಲ್ಲಿ ಕಾಲುಬಾಯಿ ಲಸಿಕೆ ಹಾಕಿ ಮುಗಿಸಿ ಕೈ ತೊಳೆಯುತ್ತಿದ್ದೆ. ಹಾಲು ಹಾಕಲು ಬಂದಿದ್ದ ಸದಸ್ಯೆಯೊಬ್ಬರು ಚೀಲದಿಂದ ಒಂದು ಡಬ್ಬಿ ತೆಗೆದರು. "ಡಾಕ್ಟ್ರೇ, ಇದು ಪಾಚಿ ಎಣ್ಣೆ ಮಾತ್ರೆಯಂತೆ, ಒಮೆಗಾ-3 ಇದೆಯಂತೆ. ಇದನ್ನ ತಗೊಂಡ್ರೆ ಶುಗರ್ ಮಾತ್ರೆ ಬೇಡ ಅಂದ್ರು. ಬಿಟ್ಟು ಹದಿನೈದು ದಿನ ಆಯ್ತು" ಎಂದರು. ನಾನು ದನದ ಡಾಕ್ಟರು, ಮನುಷ್ಯರಿಗೆ ಔಷಧಿ ಬರೆಯುವಂತಿಲ್ಲ. ಇವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಎಂದಷ್ಟೇ ಹೇಳಿದೆ. ಅಲ್ಲಿ ನೋಡಿದಾಗ ಸಕ್ಕರೆ 300 ದಾಟಿತ್ತು. ಶಿಕಾರಿಪುರದ ಕಡೆಯೂ ಇದೇ ಪ್ರಶ್ನೆ ಕೇಳಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕೆಚ್ಚಲು ಬಾವು ನಿಮಗೆಲ್ಲ ಗೊತ್ತು. ಕೆಚ್ಚಲು ಊದಿ ಬಿಸಿಯಾಗುತ್ತದೆ, ಮುಟ್ಟಿದರೆ ಹಸು ಒದೆಯುತ್ತದೆ. ಇದು ಕಣ್ಣಿಗೆ ಕಾಣುವ ಉರಿಯೂತ. ಸಕ್ಕರೆ ಕಾಯಿಲೆ ಇರುವ ಅನೇಕರಲ್ಲಿ, ಮುಖ್ಯವಾಗಿ ಹೊಟ್ಟೆಯ ಬೊಜ್ಜು ಇದ್ದವರಲ್ಲಿ, ಜ್ವರವೂ ನೋವೂ ಇಲ್ಲದೆ ಉರಿಯೂತ ಒಳಗೊಳಗೇ ವರ್ಷಗಟ್ಟಲೆ ನಡೆದಿರುತ್ತದೆ. ಇದರಿಂದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ರಕ್ತನಾಳಗಳೂ ಕೆಡುತ್ತವೆ.

ಇಪಿಎ, ಡಿಎಚ್‌ಎ ಎಂಬ ಎರಡು ಒಮೆಗಾ-3 ಕೊಬ್ಬುಗಳಿಂದ ನಮ್ಮ ದೇಹ ಉರಿಯೂತ ತಣಿಸುವ ವಸ್ತುಗಳನ್ನು ತಯಾರಿಸಿಕೊಳ್ಳುತ್ತದೆ. ಬಂಗುಡೆ, ಭೂತಾಯಿ ಮೀನಿನಲ್ಲಿರುವುದೂ ಇವೇ. ಮೀನಿಗೆ ಇವು ಬರುವುದು ಸಮುದ್ರದ ಪಾಚಿಯಿಂದ. ಅಂಥ ಪಾಚಿಯನ್ನು ಟ್ಯಾಂಕಿನಲ್ಲಿ ಬೆಳೆಸಿ ಎಣ್ಣೆ ತೆಗೆದರೆ ಸಸ್ಯಾಹಾರಿಗಳಿಗೂ ಆಗುತ್ತದೆ. ಮಾರುವವರು ಇಲ್ಲಿಯವರೆಗೆ ಹೇಳುವುದು ನಿಜ.

ಶುಗರ್ ಇಳಿಯುತ್ತದೆ ಎನ್ನುವುದು ಮಾತ್ರ ನಿಜವಲ್ಲ. 83 ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ, ಒಮೆಗಾ-3ರಿಂದ ಸಕ್ಕರೆ ಕಾಯಿಲೆಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಬ್ರಿಟನ್ನಿನಲ್ಲಿ ಸಕ್ಕರೆ ಕಾಯಿಲೆಯ 15,480 ಜನರಲ್ಲಿ ಅರ್ಧದಷ್ಟು ಮಂದಿಗೆ ಏಳು ವರ್ಷಕ್ಕೂ ಹೆಚ್ಚು ಕಾಲ ದಿನಕ್ಕೆ ಒಂದು ಗ್ರಾಂ ಮೀನೆಣ್ಣೆ ಕೊಟ್ಟು ನೋಡಿದರು. ಹೃದಯಾಘಾತ, ಲಕ್ವ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚಿದ್ದರೆ ಒಮೆಗಾ-3 ಅದನ್ನು ಇಳಿಸುತ್ತದೆ, ಆದರೆ ಅದನ್ನು ವೈದ್ಯರೇ ನೋಡಿ ಹೇಳಬೇಕು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಕೇಳದೆ ಮುಟ್ಟಲೇಬೇಡಿ.

ಅಗಸೆ ಚಟ್ನಿಪುಡಿ ಒಳ್ಳೆಯದೇ, ತಿನ್ನಿ. ಆದರೆ ಅದರಲ್ಲಿರುವುದು ಬೇರೆ ಬಗೆಯ ಒಮೆಗಾ-3, ದೇಹದಲ್ಲಿ ಡಿಎಚ್‌ಎ ಆಗುವುದು ಬಹಳ ಸ್ವಲ್ಪ. ಹಸಿಹುಲ್ಲಿನಲ್ಲೂ ಅದೇ ಬಗೆಯದು ಇದೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅದರಲ್ಲಿ ಬಹುಪಾಲನ್ನು ಬದಲಾಯಿಸಿಬಿಡುವುದರಿಂದ ಹಾಲಿಗೆ ಇಳಿಯುವುದು ಅಲ್ಪ. ನೀವು ಗುಂಡಿಯಲ್ಲಿ ಬೆಳೆಸುವ ಅಜೋಲ್ಲಾ ಪಾಚಿಯೇ ಅಲ್ಲ, ನೀರಿನಲ್ಲಿ ತೇಲುವ ಜರಿಗಿಡ. ಮೈಸೂರಿನ ಸಿಎಫ್‌ಟಿಆರ್‌ಐ ಸಂಶೋಧನೆ ಮಾಡಿದ ಸ್ಪಿರುಲಿನಾದಲ್ಲೂ ಡಿಎಚ್‌ಎ ಇಲ್ಲವೆನ್ನುವಷ್ಟು ಕಡಿಮೆ.

"ಹಾಗಾದ್ರೆ ನಮ್ಮ ಕೆರೆ ಪಾಚಿನೇ ಎಮ್ಮೆಗೆ ಹಾಕಿದ್ರೆ?" ಎಂದು ಇನ್ನೊಬ್ಬರು ಕೇಳಿದರು. ಬೇಡವೇ ಬೇಡ. ಬೇಸಿಗೆಯಲ್ಲಿ ನಿಂತ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕಟ್ಟುವ ಕೆನೆಯಲ್ಲಿ ವಿಷ ಇರಬಹುದು. ಆ ನೀರು ಕುಡಿದ ದನ ನಡುಗಿ ಬಿದ್ದು ಕೆಲವೇ ಗಂಟೆಯಲ್ಲಿ ಸಾಯುವುದುಂಟು. ಕೆರೆ ಹಾಗೆ ಕಂಡರೆ ಮನೆಯಲ್ಲೇ ಬೋರ್‌ವೆಲ್ ನೀರು ಕುಡಿಸಿ. ಕುಡಿದ ದನ ಓಲಾಡಿದರೆ ನೆರಳಿನಲ್ಲಿ ಕಟ್ಟಿ ಕೂಡಲೇ ನಮಗೆ ಫೋನ್ ಮಾಡಿ.