ಕಂಬ ಮೊದಲೋ, ಗೊಮ್ಮಟ ಮೊದಲೋ?

ಕಾರ್ಕಳದ ಗೊಮ್ಮಟ ನಿಂತದ್ದು ಕ್ರಿ.ಶ. 1432, ವಿರೋಧಿಕೃತ್ ಸಂವತ್ಸರ. ಎದುರಿನ ಬ್ರಹ್ಮದೇವರ ಕಂಬ 1436, ರಾಕ್ಷಸ ಸಂವತ್ಸರ. ಎರಡೂ ಭೈರರಸ ವೀರಪಾಂಡ್ಯನವೇ. ಇನ್ನಂಜೆಯಲ್ಲಿ ಕೂತು ಇವನ್ನು ಎಕ್ಸೆಲ್ ಪಿವೋಟ್ ಟೇಬಲ್‌ಗೆ ಹಾಕಿ, ‘ಸಂವತ್ಸರ’ ಫೀಲ್ಡನ್ನು ಮೇಲಿಟ್ಟರೆ ಕಂಬವೇ ಮೊದಲು ಬರುತ್ತೆ! ಅದಕ್ಕೆ ಗೊತ್ತಿರೋದು ಅಕ್ಷರಮಾಲೆ: ‘ರ’ ಆದಮೇಲೆ ‘ವ’.

ಪರಿಹಾರ ಸುಲಭ. ಪ್ರಭವದಿಂದ ಎಣಿಸಿದ ಸಂಖ್ಯೆಗೊಂದು ಕಾಲಮ್ ಸೇರಿಸಿ: ವಿರೋಧಿಕೃತ್ 45, ರಾಕ್ಷಸ 49. ಆಮೇಲೆ ಫೀಲ್ಡ್‌ಗಳನ್ನು ಎಳೆದು ಶಕವರ್ಷ, ಸಂಖ್ಯೆ, ಹೆಸರು ಈ ಕ್ರಮದಲ್ಲಿಡಿ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುವುದರಿಂದ ಶಕವರ್ಷ ಮೇಲೇ ಇರಬೇಕು. ಶಕವರ್ಷ ಸವೆದುಹೋದ ಕಲ್ಲುಗಳು ಕೊನೆಯಲ್ಲಿ ಬೇರೆ ಗುಂಪಾಗಿ ನಿಲ್ಲುತ್ತವೆ. ಲಿಪಿ ನೋಡಿ ಶತಮಾನ ಅಂದಾಜಾದ ಮೇಲೆ, ಅವುಗಳ ವರ್ಷ ಹುಡುಕಲು ಆ ಸಂಖ್ಯೆಯೇ ದಾರಿ.