ಅರಸಿನದ ಗಿಡ: ನಂಬಿಕೆ ಒಂದು, ನಿಜ ಇನ್ನೊಂದು

ನಾಗರಪಂಚಮಿ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ಅರಸಿನ ಎಲೆಯ ಗಟ್ಟಿ ಬೇಯುತ್ತದೆ. ಎಲೆಗೆ ಅಕ್ಕಿಹಿಟ್ಟನ್ನು ತೆಳ್ಳಗೆ ಸವರಿ, ಬೆಲ್ಲ ಬೆರೆಸಿದ ತೆಂಗಿನತುರಿ ಹರಡಿ, ಮಡಚಿ ಹಬೆಗಿಟ್ಟರೆ ಮನೆಯಿಡೀ ಪರಿಮಳ. ಎಲೆಯನ್ನು ಇಷ್ಟು ಬಲ್ಲ ನಮಗೆ ಗಿಡದ ಬಗ್ಗೆ ಮಾತ್ರ ಹಲವು ತಪ್ಪು ತಿಳಿವಳಿಕೆಗಳಿವೆ.

ತಪ್ಪು ಕಲ್ಪನೆ: ಅರಸಿನ ಹೂ ಬಿಡುವುದಿಲ್ಲ.
ಸತ್ಯ: ಬಿಡುತ್ತದೆ. ನೆಟ್ಟು ನಾಲ್ಕೈದು ತಿಂಗಳಿಗೆ ಎಲೆಗಳ ನಡುವಿನಿಂದ ತೆನೆಯಂಥ ಗೊಂಚಲು ಏಳುತ್ತದೆ. ಮೇಲ್ನೋಟಕ್ಕೆ ಕಾಣುವ ತಿಳಿಹಸಿರು, ಬಿಳಿ ಪದರಗಳು ಹೂವಲ್ಲ. ಹಳದಿ ಹೂ ಅವುಗಳ ಸಂದಿಯಲ್ಲಿರುತ್ತದೆ. ಎತ್ತರದ ಎಲೆಗಳ ಮರೆಯಲ್ಲಿರುವುದರಿಂದ ಬಗ್ಗಿ ನೋಡಿದವರಿಗಷ್ಟೇ ಕಾಣುತ್ತದೆ.

ತಪ್ಪು ಕಲ್ಪನೆ: ಅರಸಿನಕ್ಕೆ ಬೀಜವೇ ಇಲ್ಲ.
ಸತ್ಯ: ಇದರ ವರ್ಣತಂತುಗಳ ಗಣ ಎರಡಲ್ಲ, ಮೂರು. ಹಾಗಾಗಿ ಬೀಜ ಕಟ್ಟುವುದು ಅಪರೂಪ, ಆದರೆ ಅಸಾಧ್ಯವಲ್ಲ. ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ‘ಪ್ರಭಾ’, ‘ಪ್ರತಿಭಾ’ ತಳಿಗಳನ್ನು ಆರಿಸಿದ್ದು ಬೀಜದಿಂದ ಹುಟ್ಟಿದ ಸಸಿಗಳಿಂದಲೇ. ಅವುಗಳಲ್ಲಿ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಶೇ. 6ಕ್ಕೂ ಹೆಚ್ಚು. ಬೆಳೆಗಾರರು ನೆಡಬೇಕಾದದ್ದು ಮಾತ್ರ ಗಡ್ಡೆಯನ್ನೇ.

ತಪ್ಪು ಕಲ್ಪನೆ: ಮಳೆ ಹೆಚ್ಚಾದಷ್ಟೂ ಒಳ್ಳೆಯ ಬೆಳೆ.
ಸತ್ಯ: ಬುಡದಲ್ಲಿ ನೀರು ನಿಂತರೆ ಪಿಥಿಯಂ ಎಂಬ ರೋಗಾಣು ಗಡ್ಡೆಯನ್ನು ಕೊಳೆಸುತ್ತದೆ. ನಮ್ಮ ಆಟಿ ಮಳೆಗೆ ಸಮತಟ್ಟು ನೆಲ ಆಗದು. ಪತ್ತನಾಜೆಯ (ಮೇ ಕೊನೆಯ) ಆಸುಪಾಸಿನ ಮಳೆ ಬಿದ್ದಾಗ 15 ಸೆಂ.ಮೀ. ಎತ್ತರ, 1 ಮೀಟರ್ ಅಗಲದ ಏರುಮಡಿ ಮಾಡಿ, ಮಡಿಗಳ ನಡುವೆ ಅರ್ಧ ಮೀಟರ್ ಕಣಿ ಬಿಡಿ. 25–30 ಸೆಂ.ಮೀ. ಅಂತರದಲ್ಲಿ ಮೊಳಕೆ ಕಣ್ಣಿರುವ ಕೊಂಬು ಊರಿ, ಹಟ್ಟಿಗೊಬ್ಬರ ಹಾಕಿ, ಹಸಿರು ಸೊಪ್ಪು ಮುಚ್ಚಿ. ಎಲೆ ಹಳದಿಯಾಗಿ, ಮೆಲ್ಲನೆ ಎಳೆದರೂ ಗಿಡ ಕಿತ್ತು ಬಂದರೆ ಬುಡ ಕೊಳೆತಿದೆ ಎಂದೇ ಅರ್ಥ. ಅದನ್ನು ಗಡ್ಡೆಸಹಿತ ತೆಗೆದು ದೂರ ಹಾಕಿ.

ತಪ್ಪು ಕಲ್ಪನೆ: ಅಡಿಕೆ ತೋಟದಲ್ಲಿ ಎಲ್ಲಿ ನೆಟ್ಟರೂ ಆದೀತು, ಎಲೆ ಎಷ್ಟು ಕೊಯ್ದರೂ ಆದೀತು.
ಸತ್ಯ: ತೆಳು ನೆರಳು ಒಗ್ಗುತ್ತದೆ, ದಟ್ಟ ನೆರಳಲ್ಲಿ ಗಡ್ಡೆ ಸಣ್ಣದಾಗುತ್ತದೆ. ಗಡ್ಡೆಗೆ ಆಹಾರ ತಯಾರಾಗುವುದು ಎಲೆಯಲ್ಲಿ. ಹಬ್ಬಕ್ಕೆ ಒಂದೇ ಗಿಡವನ್ನು ಬೋಳಿಸದೆ, ಬುಡಕ್ಕೆ ಒಂದೆರಡರಂತೆ ಹಲವು ಬುಡಗಳಿಂದ ಕೊಯ್ಯಿರಿ.

ತಪ್ಪು ಕಲ್ಪನೆ: ಹಳದಿ ಹೆಚ್ಚಿದ್ದರೆ ಅದು ಕಸ್ತೂರಿ ಅರಸಿನ.
ಸತ್ಯ: ಕಸ್ತೂರಿ ಅರಸಿನದ ಗಡ್ಡೆಯ ಒಳಗು ಮಾಸಲು ಕೆನೆಬಣ್ಣ, ವಾಸನೆ ಕರ್ಪೂರದ್ದು. ಕಡುಹಳದಿ ಪುಡಿಗೆ ಆ ಹೆಸರಿದ್ದರೆ ನಂಬಬೇಡಿ.

ತಪ್ಪು ಕಲ್ಪನೆ: ಎಲೆ ಒಣಗಿತು, ಗಿಡ ಸತ್ತಿತು.
ಸತ್ಯ: ನೆಟ್ಟ ಏಳರಿಂದ ಒಂಬತ್ತು ತಿಂಗಳಿಗೆ ಎಲೆ ಒಣಗಿದರೆ ಗಡ್ಡೆ ಬಲಿತಿದೆ ಎಂದರ್ಥ. ನಿಜವಾದ ಕಾಂಡವೇ ಆ ಗಡ್ಡೆ. ಮೇಲೆ ಕಾಣುವುದು ಎಲೆಬುಡಗಳ ಸುರುಳಿ. ಇನ್ನು ನೀರೆರೆಯದೆ ಅಗೆಯಿರಿ. ಕೊಳೆ ತಾಗದ ದಪ್ಪ ಗಡ್ಡೆಗಳನ್ನು ಬಿತ್ತನೆಗೆಂದು ಮೊದಲೇ ಬೇರ್ಪಡಿಸಿ, ನೆರಳಲ್ಲಿ ಒಣ ಮರಳಿನ ನಡುವೆ ಇಡಿ. ಅಡುಗೆಗೆ ತೆಗೆಯುವುದು ಆಮೇಲೆ. ಒಳ್ಳೆಯದನ್ನೆಲ್ಲ ತಿಂದು ಉಳಿದದ್ದನ್ನು ನೆಟ್ಟರೆ ಬರುವ ವರ್ಷ ಕೈಗೆ ಬರುವುದೂ ಅಂಥದ್ದೇ.