ಲಿಂಗಾ: ಶರಾವತಿಯ ದಡದಲ್ಲಿ ತೆಗೆದ ಸೋಲು

ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದು ತಮಿಳಿನ ಸೂಪರ್‌ಸ್ಟಾರ್ ಆದ ರಜನಿಕಾಂತ್ ನಾಯಕರಾಗಿದ್ದ, ಕನ್ನಡದ ನಿರ್ಮಾಪಕ ರಾಕ್‌ಲೈನ್ ವೆಂಕಟೇಶ್ ಹಣ ಹೂಡಿದ, ಕೆ.ಎಸ್. ರವಿಕುಮಾರ್ ನಿರ್ದೇಶನದ 'ಲಿಂಗಾ' ನಾಯಕನ ಹುಟ್ಟುಹಬ್ಬವಾದ 2014ರ ಡಿಸೆಂಬರ್ 12ರಂದು ತೆರೆಕಂಡಿತು. ಅದರ ಚಿತ್ರೀಕರಣದ ಬಹುಭಾಗ ಕರ್ನಾಟಕದಲ್ಲೇ, ಅದೂ ಮುಖ್ಯವಾಗಿ ಮಂಡ್ಯ ಮತ್ತು ಶರಾವತಿ ಹರಿಯುವ ಶಿವಮೊಗ್ಗ ಜಿಲ್ಲೆಗಳಲ್ಲಿ ನಡೆದಿತ್ತು. ಆದರೂ ಡಬ್ಬಿಂಗಿಗೆ, ಅಂದರೆ ಪರಭಾಷಾ ಚಿತ್ರಕ್ಕೆ ಕನ್ನಡದ ಮಾತು ಕೂಡಿಸುವುದಕ್ಕೆ, ಆಗ ಅಘೋಷಿತ ನಿಷೇಧವಿದ್ದುದರಿಂದ ಇಲ್ಲಿನ ಪ್ರೇಕ್ಷಕರಿಗೆ ಅದು ಕನ್ನಡದಲ್ಲಿ ದಕ್ಕಲಿಲ್ಲ.

ಬ್ರಿಟಿಷರ ಕಾಲದಲ್ಲಿ ಅಣೆಕಟ್ಟು ಕಟ್ಟಿಸಿದ ರಾಜ ಮತ್ತು ಕಳ್ಳನಾದ ಅವನ ಮೊಮ್ಮಗ, ಎರಡೂ ಪಾತ್ರ ರಜನಿಯದೇ. ಅಜ್ಜನ ಕಥೆಗೆ ತೂಕವಿತ್ತು, ಮೊಮ್ಮಗನ ಕಥೆಗೆ ಇರಲಿಲ್ಲ. ಕೊನೆಯಲ್ಲಿ ನಾಯಕ ಬೈಕನ್ನು ಬಂಡೆಯಂಚಿನಿಂದ ಹಾರಿಸಿ, ಆಕಾಶದಲ್ಲಿ ತೇಲುತ್ತಿರುವ ಬಲೂನಿನ ಮೇಲೆ ಇಳಿದು, ಅಣೆಕಟ್ಟಿಗೆ ಗುರಿಯಿಟ್ಟ ಬಾಂಬನ್ನು ತಪ್ಪಿಸುವ ಹೊಡೆದಾಟವಂತೂ ಅಭಿಮಾನಿಗಳಿಗೂ ನಗೆ ತರಿಸಿತು.

ಇಂಥ ತಾರಾ ಚಿತ್ರಗಳ ಹಂಚಿಕೆ ಹಕ್ಕು ಬಿಡುಗಡೆಗೆ ಮೊದಲೇ, ನಟನ ಹೆಸರಿನ ಬಲದ ಮೇಲೆ ಭಾರಿ ಬೆಲೆಗೆ ಮಾರಾಟವಾಗುವುದರಿಂದ, ಗಳಿಕೆ ಕುಸಿದಾಗ ಪೆಟ್ಟು ಬೀಳುವುದು ಪ್ರದೇಶವಾರು ಹಕ್ಕು ಕೊಂಡ ಹಂಚಿಕೆದಾರರಿಗೆ. 'ಲಿಂಗಾ' ಸೋತಾಗಲೂ ಹೀಗೇ ಆಯಿತು. ನಷ್ಟ ತುಂಬಿಕೊಡಿರೆಂದು ಅದರ ಹಂಚಿಕೆದಾರರು 2015ರ ಜನವರಿಯಲ್ಲಿ ಚೆನ್ನೈನಲ್ಲಿ ಉಪವಾಸ ಕುಳಿತರು; ತಿಂಗಳುಗಟ್ಟಲೆ ಎಳೆದಾಡಿದ ವಿವಾದ ಕಡೆಗೆ ಒಂದು ಭಾಗದ ಪರಿಹಾರದಲ್ಲಿ ಮುಗಿಯಿತು.